ಮುಂಬಯಿಯ ಸೆಕೆಯಲ್ಲೊಂದು ಸ್ವೆಟರ್

ನಮ್ಮ ಉಪನಗರದ ಕನ್ನಡ ಸಂಘದಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಕನ್ನಡ ಹೇಳಿಕೊಡುವ ಕೆಲಸ ನನ್ನದು ಎಂದು ಈ ಅಂಕಣ ಓದುವವರಿಗೆ ಗೊತ್ತೇ ಇದೆ. 'ಹಳ್ಳಿ' ಎಂದು ಬರೆಯಿರಿ ಅಂದರೆ 'ಹಲ್ಲಿ' ಎಂದು ಬರೆಯುವ ನನ್ನ ಮಕ್ಕಳ ತಪ್ಪುಗಳ ಬಗ್ಗೆ ಇಲ್ಲಿ ಎಷ್ಟೋ ಸಲ ತಮಾಷೆಯಾಗಿ ಬರೆದಿದ್ದೇನೆ. ಈ ಸಲ ತಪ್ಪು ಮಾಡಿದ್ದು ನಾನು.

ಕಳೆದ ಅಕ್ಟೋಬರ್ ತಿಂಗಳ ಮಾತು. ಮಳೆ ಹಿಂದೆ ಸರಿದು ಮುಂಬಯಿ ಮತ್ತೆ ಬೇಯುವ ಕಾಲ. ಸಂಘದ ಎರಡು ಫ್ಯಾನುಗಳಲ್ಲಿ ಒಂದು ತಿರುಗುವುದಕ್ಕಿಂತ ಹೆಚ್ಚು ಸದ್ದು ಮಾಡುತ್ತದೆ. ಆರನೆಯ ತರಗತಿಯ ಒಬ್ಬ ಹುಡುಗಿ ಶಾಲೆಯ ನೀಲಿ ಸ್ವೆಟರನ್ನು ಸೊಂಟಕ್ಕೆ ಕಟ್ಟಿಕೊಂಡು ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದಳು. ಎಂದೂ ಮುಂದೆ ಕೂರುವವಳು. ಬೋರ್ಡಿಗೆ ಬಂದು ಒತ್ತಕ್ಷರ ಬರಿ ಎಂದು ಕರೆದೆ. ಬರಲಿಲ್ಲ. ಎರಡನೆಯ ಸಲ ಕರೆದೆ. ತಲೆಯಾಡಿಸಿದಳು. ಆಗ ನಾನು ಇಡೀ ತರಗತಿಗೆ ಕೇಳುವಂತೆ, 'ಏನಮ್ಮಾ, ಈ ಸೆಕೆಯಲ್ಲಿ ಸ್ವೆಟರ್ ಬೇರೆ, ಶಿಮ್ಲಾದಿಂದ ಬಂದೆಯಾ?' ಎಂದುಬಿಟ್ಟೆ.

ಗಂಡುಮಕ್ಕಳು ಗೊಳ್ಳೆಂದು ನಕ್ಕರು. ಹೆಣ್ಣುಮಕ್ಕಳಲ್ಲಿ ಒಬ್ಬರೂ ನಗಲಿಲ್ಲ. ಆ ಮೌನ ಕೇಳಿದ ಮೇಲೆಯೇ ನನಗೆ ಬುದ್ಧಿ ಬಂದದ್ದು. ಐವತ್ತು ದಾಟಿದ ಹೆಂಗಸು ನಾನು, ಒಬ್ಬ ಮಗಳನ್ನು ಬೆಳೆಸಿದವಳು, ನನಗೆ ಅದು ಹೊಳೆಯಬೇಡವೇ? ಆ ಹುಡುಗಿ ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಅವಳ ಅಮ್ಮನಿಗೆ ಫೋನ್ ಮಾಡಿದರೆ, 'ಹೊಟ್ಟೆನೋವು ಟೀಚರ್' ಎಂದರು. ಎರಡು ವಾರದ ಹೊಟ್ಟೆನೋವು.

ವಿಷಯ ಹೇಳಿದ್ದು ಎಂಟನೆಯ ತರಗತಿಯ ಇಬ್ಬರು. ಮೆಟ್ಟಿಲಿನ ಬಳಿ ನನ್ನನ್ನು ನಿಲ್ಲಿಸಿ, ದೊಡ್ಡವರು ಚಿಕ್ಕವರಿಗೆ ತಿಳಿಹೇಳುವ ದನಿಯಲ್ಲಿ ಹೇಳಿದರು: 'ಟೀಚರ್, ನಾವೆಲ್ಲ ಬ್ಯಾಗಿನಲ್ಲಿ ಸ್ವೆಟರ್ ಇಟ್ಟುಕೊಂಡಿರ್ತೀವಿ. ವರ್ಷಪೂರ್ತಿ.' ಮುಂಬಯಿಯಲ್ಲಿ ಸ್ವೆಟರ್ ಚಳಿಗೆ ಅಲ್ಲವಂತೆ. ಯಾರ ಯೂನಿಫಾರ್ಮಿನ ಮೇಲೆ ಕಲೆ ಕಂಡರೂ ಹಿಂದಿನ ಬೆಂಚಿನಿಂದ ಒಂದು ಸ್ವೆಟರ್ ಕೈಯಿಂದ ಕೈಗೆ ದಾಟಿ ಬರುತ್ತದೆ. ಮಾತಿಲ್ಲ. ಅವರ ನಡುವೆ ಗುಟ್ಟಿನ ಪದಗಳೂ ಇವೆ. ನಮ್ಮ ಕಾಲದ 'ಎಂಸಿ', 'ಚಮ್ಸ್' ಈಗ ಹಳೆಯದಾಗಿವೆ. ಇವರದು 'ಗೆಸ್ಟ್ ಬಂದಿದ್ದಾರೆ', 'ರೆಡ್ ಸಿಗ್ನಲ್'. ಲೋಕಲ್ ರೈಲಿನ ಪಕ್ಕ ಬೆಳೆದ ಮಕ್ಕಳು, ಸಿಗ್ನಲ್ ಅನ್ನದೆ ಇನ್ನೇನು ಅಂದಾರು!

ಸಂಘದ ಕಾರ್ಯದರ್ಶಿಗಳನ್ನು ಕೇಳಿ ಒಂದು ಭಾನುವಾರದ ಒಂದು ಗಂಟೆಯನ್ನು ಇದಕ್ಕೆಂದೇ ಇಟ್ಟೆ. ಹತ್ತರಿಂದ ಹದಿನಾಲ್ಕು ವರ್ಷದ ಹನ್ನೊಂದು ಹುಡುಗಿಯರು. ಗಂಡುಮಕ್ಕಳನ್ನು ಕೆಳಗೆ ಆಡಲು ಕಳಿಸಿದೆ; ಅದು ಸರಿಯಿತ್ತೇ ಎಂಬುದಕ್ಕೆ ಆಮೇಲೆ ಬರುತ್ತೇನೆ. ಬಾಯಿಬಿಟ್ಟು ಯಾರೂ ಏನೂ ಕೇಳುವುದಿಲ್ಲ ಎಂದು ಗೊತ್ತಿತ್ತು. ಅದಕ್ಕೇ ಚೀಟಿ ಬರೆದು ಬಿಸ್ಕತ್ತಿನ ಖಾಲಿ ಡಬ್ಬಿಗೆ ಹಾಕಿ, ಹೆಸರು ಬೇಡ, ಭಾಷೆ ಯಾವುದಾದರೂ ಆಗಲಿ ಎಂದೆ.

ಮೊದಲು ಬೋರ್ಡಿನ ಮೇಲೆ 'ಮುಟ್ಟು' ಎಂದು ಬರೆದೆ. ಒಬ್ಬಳು ಕೈಯೆತ್ತಿ, 'ಟೀಚರ್, ಮುಟ್ಟು ಅಂದ್ರೆ ಟಚ್ ಅಲ್ವಾ?' ಎಂದಳು. ಕನ್ನಡವನ್ನು ಪುಸ್ತಕದಿಂದ ಕಲಿಯುವ ಮಕ್ಕಳು ನಮಗೆ ಕಾಣದ್ದನ್ನು ಕಾಣುತ್ತಾರೆ. ಹೌದು, ಮುಟ್ಟು ಎಂದರೆ ಸ್ಪರ್ಶ. ಮುಟ್ಟಬಾರದವಳಿಗೆ 'ಮುಟ್ಟಾಗಿದ್ದಾಳೆ' ಎನ್ನುವ ಭಾಷೆ ನಮ್ಮದು. ಮರಾಠಿಯಲ್ಲೂ ಹಳಬರು 'ಕಾವಳಾ ಶಿವಲಾ' ಎನ್ನುತ್ತಾರೆ, ನಮ್ಮ 'ಕಾಗೆ ಮುಟ್ಟಿತು'. ಆ ಕಾಗೆ ಗಡಿ ವಿವಾದ ಲೆಕ್ಕಿಸದೆ ಎರಡೂ ರಾಜ್ಯಗಳಲ್ಲಿ ಹಾರಾಡಿಕೊಂಡಿದೆ. ಶಾಲೆಯಲ್ಲಿ ಮರಾಠಿ ಗೆಳತಿಯರು ಹೇಳುವುದು 'ಪಾಳಿ'. ಅದನ್ನು ಕೇಳಿ ಇನ್ನೊಬ್ಬಳು, 'ನಮ್ಮಪ್ಪನಿಗೆ ಈ ವಾರ ರಾತ್ರಿ ಪಾಳಿ' ಎಂದಳು. ಹನ್ನೊಂದು ಮಂದಿಯೂ ಬಿದ್ದು ಬಿದ್ದು ನಕ್ಕರು. ಆ ನಗುವಿನ ನಂತರ ಕೋಣೆಯ ಗಾಳಿ ಸ್ವಲ್ಪ ಸಡಿಲವಾಯಿತು.

ಚೀಟಿಗಳನ್ನು ಈಗಲೂ ಇಟ್ಟುಕೊಂಡಿದ್ದೇನೆ. ಅರ್ಧ ಕನ್ನಡ, ಕೆಲವು ಮರಾಠಿ, ಉಳಿದವು ಇಂಗ್ಲಿಷ್.

'ಉಪ್ಪಿನಕಾಯಿ ನಿಜವಾಗಿ ಕೆಡುತ್ತದಾ?' ಇಲ್ಲ. ಒದ್ದೆ ಕೈ ಹಾಕಿದರೆ ಕೆಡುತ್ತದೆ, ಅದು ಅಪ್ಪನ ಕೈಯಾದರೂ. 'ಇದಾದ ಮೇಲೆ ಎತ್ತರ ಬೆಳೆಯುವುದು ನಿಲ್ಲುತ್ತದಾ? ನಾನು ಬ್ಯಾಸ್ಕೆಟ್‌ಬಾಲ್ ಆಡ್ತೇನೆ.' ವೇಗ ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ, ಇನ್ನೂ ಒಂದೆರಡು ವರ್ಷ ಬೆಳೆಯುತ್ತೀ. 'ಎಷ್ಟು ರಕ್ತ ಹೋಗುತ್ತದೆ, ಸಾಯುವಷ್ಟಾ?' ಎಲ್ಲ ದಿನಗಳದ್ದು ಸೇರಿಸಿದರೂ ಸಾಮಾನ್ಯವಾಗಿ 30ರಿಂದ 80 ಮಿಲಿಲೀಟರ್, ಅಂದರೆ ಹೆಚ್ಚೆಂದರೆ ಒಂದು ಕಟಿಂಗ್ ಚಹಾದಷ್ಟು. ಇದನ್ನು ಕೇಳಿ ಅವರ ಮುಖದಲ್ಲಿ ಕಂಡ ನಿರಾಳ ಹೇಳತೀರದು. ಬಟ್ಟೆಯ ಮೇಲೆ ಹರಡಿದ ಕೆಂಪು ನೋಡಿ ಲೀಟರುಗಟ್ಟಲೆ ಎಂದುಕೊಂಡಿದ್ದರು. 'ಎರಡು ತಿಂಗಳಾಯ್ತು, ಮತ್ತೆ ಬರಲೇ ಇಲ್ಲ. ಅಮ್ಮನಿಗೆ ಹೇಳಲು ಹೆದರಿಕೆ.' ಮೊದಲ ಒಂದೆರಡು ವರ್ಷ ಹಾಗೆ ಏರುಪೇರಾಗುವುದುಂಟು, ಆದರೆ ಅಮ್ಮನಿಗೆ ಹೇಳು, ಮೂರು ತಿಂಗಳು ದಾಟಿದರೆ ಡಾಕ್ಟರಿಗೆ ತೋರಿಸಲಿ.

ಒಂದು ಚೀಟಿಯಲ್ಲಿ ಹೀಗಿತ್ತು: 'ಎಲ್ಲರಿಗೂ ಆಗಿದೆ. ನನಗೆ ಮಾತ್ರ ಆಗಿಲ್ಲ. ಅವರು ಮಾತಾಡುವಾಗ ನನ್ನನ್ನು ಆಚೆ ಕಳಿಸ್ತಾರೆ.' ಆಗದಿರುವುದೂ ನಾಚಿಕೆಯೇ! ಹತ್ತಕ್ಕೇ ಆದವಳು ನನಗೇಕೆ ಇಷ್ಟು ಬೇಗ ಎಂದು ಅಳುತ್ತಾಳೆ, ಹದಿನಾಲ್ಕಾದರೂ ಆಗದವಳು ನನಗೇಕೆ ಇಲ್ಲ ಎಂದು. ಹದಿನೈದು ತುಂಬುವವರೆಗೆ ಕಾಯಬಹುದು, ಆಮೇಲೂ ಆಗದಿದ್ದರೆ ವೈದ್ಯರನ್ನು ನೋಡಬೇಕು ಎಂದು ಹೇಳಿದೆ. ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ.

ನನಗೆ ಸಿಟ್ಟು ತರಿಸಿದ ಚೀಟಿ ಇನ್ನೊಂದು. 'ಗಣಪತಿ ಇತ್ತು ಅಂತ ಮಾತ್ರೆ ಕೊಟ್ಟರು. ಆಮೇಲೆ ತುಂಬಾ ಜಾಸ್ತಿ ಆಯ್ತು.' ಹಬ್ಬಕ್ಕೆ ಮುಟ್ಟು ಮುಂದೂಡುವ ಮಾತ್ರೆ ಹೆಂಗಸರು ನುಂಗುವುದು ನಮಗೆಲ್ಲ ಗೊತ್ತಿರುವ ಗುಟ್ಟು. ನಾನೂ ನುಂಗಿದ್ದೇನೆ. ಅದು ಹಾರ್ಮೋನ್ ಮಾತ್ರೆ, ಶೀತದ ಗುಳಿಗೆ ಅಲ್ಲ. ವೈದ್ಯರನ್ನು ಕೇಳದೆ, ಇನ್ನೂ ಋತುಚಕ್ರ ನೆಲೆಗೊಳ್ಳದ ಹನ್ನೆರಡರ ಹುಡುಗಿಗೆ, ಮೋದಕ ಮುಟ್ಟಲಿ ಎಂಬ ಕಾರಣಕ್ಕೆ ಅದನ್ನು ಕೊಡುವುದೇ? ಅದೇ ಕೋಣೆಯಲ್ಲಿ ನಾನು ಈ ಮಕ್ಕಳಿಗೆ ಬಸವಣ್ಣನ, ಅಕ್ಕನ ವಚನಗಳನ್ನು ಬಾಯಿಪಾಠ ಮಾಡಿಸಿದ್ದೇನೆ. ಶರಣರು ತಿರಸ್ಕರಿಸಿದ ಐದು ಸೂತಕಗಳಲ್ಲಿ ರಜಸ್ಸೂತಕವೂ ಒಂದು ಎಂಬುದನ್ನು ಮಾತ್ರ ಒಂದು ದಿನವೂ ಹೇಳಿರಲಿಲ್ಲ. ಬಾಯಿಪಾಠದ ಸ್ಪರ್ಧೆಗೆ ಅದು ಬೇಕಿರಲಿಲ್ಲ ನೋಡಿ.

ನನ್ನದೇ ಕತೆ ಹೇಳುತ್ತೇನೆ. ನನಗಾದದ್ದು 1984ರಲ್ಲಿ, ಏಳನೆಯ ತರಗತಿ, ಪರೇಲಿನ ಚಾಳಿನಲ್ಲಿ. ಅಪ್ಪ ಹೋಟೆಲಿನ ಗಲ್ಲೆಯಲ್ಲಿದ್ದರು. ಒಂದೇ ಖೋಲಿ, ಅದರಲ್ಲಿ ಆರು ಜನ, ಊರಿಂದ ಕೆಲಸ ಹುಡುಕಿ ಬಂದ ಚಿಕ್ಕಪ್ಪನನ್ನು ಸೇರಿಸಿದರೆ ಏಳು. ಅಮ್ಮ ಕುಂದಾಪುರದ ಕಡೆಯವಳು, ಅವಳಿಗೆ ಗೊತ್ತಿದ್ದ ಪದ್ಧತಿಯಂತೆ ಮೂರು ದಿನ ಹೊರಗೆ ಕೂರಬೇಕು. ಆದರೆ ಮುಂಬಯಿಯಲ್ಲಿ 'ಹೊರಗೆ' ಎಲ್ಲಿದೆ? ಬಾಗಿಲು ದಾಟಿದರೆ ಇಡೀ ಮಾಳಿಗೆಯವರು ಓಡಾಡುವ ಗ್ಯಾಲರಿ. ಅಮ್ಮ ಒಂದು ದಿನ ಯೋಚಿಸಿದಳು, ಆಮೇಲೆ ಮೋರಿಯ ಪಕ್ಕದ ಮೂಲೆಯನ್ನು ತೋರಿಸಿ 'ಇದೇ ಹೊರಗೆ' ಎಂದಳು. ವರ್ಷ ಕಳೆಯುವುದರೊಳಗೆ ಆ ಮೂಲೆಯೂ ಹೋಯಿತು, ಅಲ್ಲಿ ಸೀಮೆಎಣ್ಣೆ ಡಬ್ಬಿ ಬಂತು. ದೇವರ ಗೂಡು ಮುಟ್ಟಬೇಡ ಎಂಬುದೊಂದೇ ಉಳಿಯಿತು. ಸುಧಾರಕರು ಶತಮಾನಗಟ್ಟಲೆ ಹೇಳಿದರೂ ಆಗದ್ದನ್ನು ಮುಂಬಯಿಯ ಜಾಗದ ಬೆಲೆ ಮಾಡಿ ಮುಗಿಸಿತು.

ಆದರೆ ಕಟ್ಟಳೆ ಕುಗ್ಗಿದಷ್ಟೂ ಗುಟ್ಟು ಬೆಳೆಯಿತು. ಚಿಕ್ಕಪ್ಪನಿಗೆ ಗೊತ್ತಾಗಬಾರದು. ತಮ್ಮನಿಗೆ ಗೊತ್ತಾಗಬಾರದು. ಅಪ್ಪನಿಗೆ ಗೊತ್ತಿದ್ದರೂ ಗೊತ್ತಿಲ್ಲದಂತಿರಬೇಕು. ಹಳೆಯ ಸೀರೆ ಹರಿದು ಮಾಡಿದ ಬಟ್ಟೆಯನ್ನು ಗ್ಯಾಲರಿಯ ಹಗ್ಗದ ಮೇಲೆ ಅಮ್ಮನ ಲಂಗದ ಅಡಿಯಲ್ಲಿ ಒಣಹಾಕುವುದು. ಜುಲೈ ತಿಂಗಳಲ್ಲಿ ಲಂಗವೇ ಒಣಗುವುದಿಲ್ಲ, ಇನ್ನು ಅದರ ಅಡಿಯದ್ದು? ಹಸಿ ಬಟ್ಟೆಯನ್ನೇ ಉಟ್ಟು, ತೊಡೆ ತರಚಿ, ಮಳೆಯಲ್ಲಿ ಶಾಲೆಗೆ ನಡೆದದ್ದು ಇಂದಿಗೂ ನೆನಪಿದೆ. ಯಾರಿಗೂ ಹೇಳಲಿಲ್ಲ.

ಮುಂದಿನ ಮೇ ತಿಂಗಳ ರಜೆಯಲ್ಲಿ ಅಜ್ಜಿಯ ಮನೆಗೆ ಹೋದಾಗ ನಿಜವಾದ 'ಹೊರಗೆ'ಯನ್ನು ನೋಡಿದೆ. ನನಗಿಂತ ಒಂದು ವರ್ಷ ದೊಡ್ಡವಳಾದ ದೊಡ್ಡಮ್ಮನ ಮಗಳು ಹಿತ್ತಲ ಜಗಲಿಯಲ್ಲಿ ಬೇರೆ ಚಾಪೆ, ಬೇರೆ ಬಟ್ಟಲು ಇಟ್ಟುಕೊಂಡು ಕೂತಿದ್ದಳು. ಮನೆಗೆಲ್ಲ ಗೊತ್ತು. ತೆಂಗಿನಕಾಯಿ ಕೊಯ್ಯಲು ಬಂದವನಿಗೂ ಗೊತ್ತು. ಅವನು 'ಎಂತ ಹೆಣೆ, ಹೊರಗಾ?' ಎಂದು ಕೇಳಿ ಕೆಲಸಕ್ಕೆ ಹೋದ. ಅವಳಿಗೆ ನಾಚಿಕೆಯ ಸುಳಿವೂ ಇರಲಿಲ್ಲ. ಹಳೆಯ 'ಸುಧಾ', 'ತರಂಗ' ಓದುತ್ತ, ಮಾವಿನಕಾಯಿಗೆ ಉಪ್ಪು ಹಚ್ಚಿ ತಿನ್ನುತ್ತ ಇದ್ದಳು. ನನಗೆ ಒಂದು ಕ್ಷಣ ಹೊಟ್ಟೆಕಿಚ್ಚಾಯಿತು. ರಾತ್ರಿ ಮಳೆ ಬಂತು, ಇರಚಲು ಜಗಲಿಗೆ ಹೊಡೆಯಿತು. ಒಳಗೆ ಅವಳ ಪುಟ್ಟ ತಮ್ಮ 'ಅಕ್ಕ ಬೇಕು' ಎಂದು ಅಳುತ್ತಿದ್ದ. ಅವಳು ಒಳಗೆ ಬರುವಂತಿರಲಿಲ್ಲ, ಅವನು ಹೊರಗೆ ಹೋಗುವಂತಿರಲಿಲ್ಲ. ಅಲ್ಲಿಗೆ ನನ್ನ ಹೊಟ್ಟೆಕಿಚ್ಚು ಮುಗಿಯಿತು. ಆ ಜಗಲಿ ಮತ್ತೆ ಬರಲಿ ಎಂದು ನಾನು ಹೇಳುತ್ತಿಲ್ಲ. ಆದರೆ ಅವಳನ್ನು ದೂರವಿಟ್ಟ ಮನೆ ಅವಳಿಗೆ ಅಡಗಿಕೊಳ್ಳುವುದನ್ನು ಕಲಿಸಿರಲಿಲ್ಲ. ನನ್ನನ್ನು ದೂರವಿಡಲು ಜಾಗವಿಲ್ಲದ ಮನೆ ಅದೊಂದನ್ನೇ ಕಲಿಸಿತು. ನನ್ನ ತರಗತಿಯ ಹುಡುಗಿಯರು ನನ್ನ ಕಡೆಯವರು. ಮನೆಯಲ್ಲಿ ಕಟ್ಟಳೆ ಹೆಚ್ಚಿಲ್ಲ, ಪ್ಯಾಡ್ ಇದೆ, ವಿಜ್ಞಾನದ ಪಾಠದಲ್ಲಿ ಗರ್ಭಕೋಶದ ಚಿತ್ರ ಬಿಡಿಸಿ ಐದಕ್ಕೆ ಐದು ಅಂಕ ತೆಗೆದಿದ್ದಾರೆ. ಜೊತೆಗೆ ಬ್ಯಾಗಿನಲ್ಲಿ ಸ್ವೆಟರ್.

ಶಾಲೆಯ ಬಗ್ಗೆ ಅವರು ಹೇಳಿದ್ದೆಲ್ಲ ಒಂದು ರೀತಿಯ ಲೆಕ್ಕಾಚಾರ. ಮೂರನೆಯ ಮಹಡಿಯ ಶೌಚಾಲಯದ ಒಂದು ಬಾಗಿಲಿಗೆ ಚಿಲಕವಿಲ್ಲ, ಆದ್ದರಿಂದ ಜೋಡಿಯಾಗಿ ಹೋಗಬೇಕು. ಕಸದ ಡಬ್ಬಿ ಹೊರಗೆ ಕಾರಿಡಾರಿನಲ್ಲಿದೆ, ಆದ್ದರಿಂದ ಬಳಸಿದ್ದನ್ನು ಸುತ್ತಿ ಬ್ಯಾಗಿನಲ್ಲೇ ಮನೆಗೆ ತರಬೇಕು. ಊಟದ ಡಬ್ಬಿಯ ಪಕ್ಕ. ಆ ದಿನಗಳಲ್ಲಿ ಬೆಳಿಗ್ಗೆಯಿಂದ ನೀರು ಕುಡಿಯದಿದ್ದರೆ ಹೋಗುವ ಅಗತ್ಯವೇ ಬರುವುದಿಲ್ಲ. ನಾಲ್ಕರಿಂದ ಆರು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕು ಎಂದು ನಾನು ಹೇಳಿದರೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮನೆ ಬಿಡುವುದು ಆರೂವರೆಗೆ, ಮರಳುವುದು ಎರಡಕ್ಕೆ. ಎರಡೂ ಸರ್ಕಾರಗಳ ಯೋಜನೆಗಳಿವೆ, ಕರ್ನಾಟಕದ 'ಶುಚಿ', ಮಹಾರಾಷ್ಟ್ರ 2018ರಲ್ಲಿ ಜಿಲ್ಲಾ ಪರಿಷತ್ ಶಾಲೆಗಳ ಹುಡುಗಿಯರಿಗೆಂದು ತಂದ 'ಅಸ್ಮಿತಾ'. ಪ್ಯಾಡಿನ ಮೇಲಿದ್ದ 12 ಶೇಕಡಾ ಜಿಎಸ್‌ಟಿ ಅದೇ ವರ್ಷ ಜುಲೈಯಲ್ಲಿ ಹೋಯಿತು. ಎಲ್ಲ ಒಳ್ಳೆಯದೇ. ಆದರೆ ಪ್ಯಾಡ್ ಕೊಟ್ಟವರು ಚಿಲಕ ಹಾಕಿಸುವುದಿಲ್ಲವಲ್ಲ.

ಮೇ 28ರ ಮುಟ್ಟಿನ ನೈರ್ಮಲ್ಯ ದಿನದ ಆಸುಪಾಸಿಗೆ ರಜೆ ಇರುವುದರಿಂದ ಇಲ್ಲಿನ ಶಾಲೆಗಳಲ್ಲಿ ಅದು ಜೂನ್‌ನಲ್ಲೋ ಜುಲೈಯಲ್ಲೋ ನಡೆಯುತ್ತದೆ. ಯಾರೋ ಬಂದು ಹುಡುಗಿಯರನ್ನು ಮಾತ್ರ ಹಾಲ್‌ಗೆ ಕರೆದು, ಕಿಟಕಿಯ ಪರದೆ ಎಳೆದು, ವೀಡಿಯೊ ತೋರಿಸಿ, 'ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ' ಎಂದು ಹೇಳಿ ಒಂದೊಂದು ಪೊಟ್ಟಣ ಕೊಡುತ್ತಾರಂತೆ. ಆಮೇಲೆ ಟೀಚರ್, 'ಬ್ಯಾಗಿನೊಳಗೆ ಹಾಕಿ, ಹುಡುಗರಿಗೆ ತೋರಿಸಬೇಡಿ' ಎನ್ನುತ್ತಾರಂತೆ. ಇದನ್ನು ಹೇಳಿ ಎಂಟನೆಯ ತರಗತಿಯವಳು ಪರದೆ ಎಳೆಯುವ ಟೀಚರನ್ನು ಅಭಿನಯಿಸಿ ತೋರಿಸಿದಳು. ಎಲ್ಲರ ಜೊತೆ ನಾನೂ ನಕ್ಕೆ. ಕೆಳಗೆ ಗಂಡುಮಕ್ಕಳು ಕ್ರಿಕೆಟ್ ಆಡುವ ಸದ್ದು ಕೇಳುತ್ತಿತ್ತು. ಅವರನ್ನು ಕಳಿಸಿ ನಾನು ಎಳೆದದ್ದೂ ಪರದೆಯೇ ಎಂದು ಆಗ ಅನ್ನಿಸಿತು. ಆದರೆ ಹುಡುಗಿಯರನ್ನು ಕೇಳಿದಾಗ, 'ಬೇಡ ಟೀಚರ್, ಅವರಿದ್ದರೆ ನಾವು ಚೀಟಿಯನ್ನೂ ಬರೀತಿರಲಿಲ್ಲ' ಎಂದರು. ನನಗೆ ಇನ್ನೂ ಇದು ಬಗೆಹರಿದಿಲ್ಲ.

ಡಬ್ಬಿಯ ತಳದಲ್ಲಿದ್ದ ಒಂದು ಚೀಟಿಯನ್ನು ಓದಿ ಹೇಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. 'ಶಹಾಪುರದಲ್ಲಿ ಮಾಡಿದ ಹಾಗೆ ನಮ್ಮ ಶಾಲೆಯಲ್ಲಿ ಮಾಡಿದರೆ ಏನು ಮಾಡಬೇಕು?' 2025ರ ಜುಲೈಯಲ್ಲಿ ನಮ್ಮ ಠಾಣೆ ಜಿಲ್ಲೆಯ ಶಹಾಪುರದ ಒಂದು ಶಾಲೆಯಲ್ಲಿ ಶೌಚಾಲಯದಲ್ಲಿ ರಕ್ತದ ಕಲೆ ಕಂಡಿತು ಎಂದು ಹುಡುಗಿಯರನ್ನು ಕರೆಸಿ, ಯಾರಿಗೆ ಮುಟ್ಟಾಗಿದೆ ಎಂದು ವಿಚಾರಿಸಿ, ಬಟ್ಟೆ ಬಿಚ್ಚಿಸಿ ಪರೀಕ್ಷೆ ಮಾಡಿದರು. ತಾಯ್ತಂದೆಯರು ರೊಚ್ಚಿಗೆದ್ದು, ಪ್ರಾಂಶುಪಾಲರ ಬಂಧನವೂ ಆಯಿತು. ನಾವು ಪೇಪರಿನಲ್ಲಿ ಓದಿ, ಛೆ ಎಂದು, ಪುಟ ತಿರುಗಿಸಿದ್ದೆವು. ಶಹಾಪುರ ನಮ್ಮದೇ ಸೆಂಟ್ರಲ್ ಲೈನಿನ ಆಸನಗಾಂವ್ ಸ್ಟೇಷನ್ನಿನ ಹತ್ತಿರದ್ದು. ನಮ್ಮ ಹುಡುಗಿಯರು ಮೂರು ತಿಂಗಳಿನಿಂದ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಶಾಲೆಗೆ ಹೋಗಿಬರುತ್ತಿದ್ದರು ಎಂದು ಯಾವ ಮನೆಯಲ್ಲಿ ಯಾರಿಗೆ ಗೊತ್ತಿತ್ತು? 'ಇಲ್ಲ ಎನ್ನಬೇಕು. ಜೋರಾಗಿ ಇಲ್ಲ ಎನ್ನಬೇಕು. ಮನೆಗೆ ಫೋನ್ ಮಾಡಿ ಎಂದು ಕೇಳಬೇಕು. ಒಬ್ಬಳನ್ನು ಕರೆದರೆ ಎಲ್ಲರೂ ಏಳಬೇಕು' ಎಂದೆ. ಹೇಳಿದ್ದು ಸುಲಭ. ನಾನು ಒಂದು ತಮಾಷೆ ಮಾಡಿದಾಗ ಎದ್ದು ನಿಲ್ಲಲಾಗದ ಮಕ್ಕಳು ಇವರು.

ಅದೇ ಅಕ್ಟೋಬರಿನಲ್ಲಿ ಕರ್ನಾಟಕದ ಸಚಿವ ಸಂಪುಟ ಉದ್ಯೋಗಸ್ಥ ಮಹಿಳೆಯರಿಗೆ ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆ ಎಂದು ತೀರ್ಮಾನಿಸಿತು. ಸುದ್ದಿಯನ್ನು ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದೆ. ಯಕ್ಷಗಾನದ ಟಿಕೆಟ್ಟಿನ ಬಗ್ಗೆ ನಲವತ್ತು ಸಂದೇಶ ಬರುವ ಗುಂಪು. ಇದಕ್ಕೆ ಬಂದದ್ದು ಎರಡು ಹೆಬ್ಬೆಟ್ಟು, ಎರಡೂ ಹೆಂಗಸರದ್ದು. ಆದರೆ ರಾತ್ರಿ ಹನ್ನೊಂದಕ್ಕೆ ಒಬ್ಬ ತಂದೆ ಬೇರೆಯಾಗಿ ಫೋನ್ ಮಾಡಿದರು. ಹೋಟೆಲಿನಲ್ಲಿ ಮೇಲ್ವಿಚಾರಕರು. ಹೆಂಡತಿ ಊರಿನಲ್ಲಿ ಅತ್ತೆಯ ಆರೈಕೆಗೆಂದು ನಾಲ್ಕು ತಿಂಗಳಿಂದ ಇದ್ದಾರೆ. ಮಗಳಿಗೆ ಆಗಸ್ಟಿನಲ್ಲಿ ಮೊದಲ ಸಲ ಆಯಿತು. ಅವಳು ಬಾತ್‌ರೂಮಿನಿಂದ ಹೊರಗೆ ಬರಲಿಲ್ಲ. ಬಾಗಿಲಿನ ಆಚೆ ಅವಳು, ಈಚೆ ಇವರು, ಸ್ಪೀಕರಿನಲ್ಲಿ ಹೆಂಡತಿ. ಆಮೇಲೆ ಇವರು ಮೆಡಿಕಲ್ ಅಂಗಡಿಗೆ ಓಡಿ, ಏನು ಕೇಳಬೇಕೆಂದು ತಿಳಿಯದೆ ಆರು ಬಗೆಯ ಪೊಟ್ಟಣ ತಂದರಂತೆ. 'ಒಂದೊಂದನ್ನೂ ಪೇಪರಿನಲ್ಲಿ ಸುತ್ತಿ ಸುತ್ತಿ ಕೊಟ್ಟ ಮೇಡಂ, ನಾನೇನೋ ಕಳ್ಳಮಾಲು ಕೊಂಡ ಹಾಗೆ' ಎಂದರು. ಅವರಿಗೆ ಬೇಕಿದ್ದದ್ದು ಒಂದೇ ಉತ್ತರ: ನೋವು ಬಂದರೆ ಏನು ಕೊಡಲಿ? ಬಿಸಿನೀರಿನ ಚೀಲ, ಸ್ವಲ್ಪ ಓಡಾಟ, ಶಾಲೆಗೆ ಹೋಗಲಾರದಷ್ಟು ನೋವಾದರೆ ವೈದ್ಯರು ಎಂದೆ. ಜೊತೆಗೆ ಹೆಸರುಕಾಳು, ಸೊಪ್ಪು, ಬೆಲ್ಲ. ನಮ್ಮ ದೇಶದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇದೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳುತ್ತದೆ. ಅವರು ಅಷ್ಟನ್ನೂ ಬರೆದುಕೊಂಡರು. ಪೆನ್ನಿನ ಸದ್ದು ಕೇಳುತ್ತಿತ್ತು.

ಸ್ವೆಟರಿನ ಹುಡುಗಿ ನಾಲ್ಕನೆಯ ವಾರ ಬಂದಳು. ತರಗತಿ ಮುಗಿದ ಮೇಲೆ ನಿಲ್ಲಿಸಿ ಕ್ಷಮೆ ಕೇಳಿದೆ. 'ಪರವಾಗಿಲ್ಲ ಟೀಚರ್, ನಿಮಗೆ ಗೊತ್ತಿರಲಿಲ್ಲ' ಎಂದಳು. ಗೊತ್ತಿರಬೇಕಿತ್ತು ಎಂದೆ. ಅವಳು ಚಪ್ಪಲಿ ಹಾಕಿಕೊಂಡು ಓಡಿದಳು. ಮಕ್ಕಳಿಗೆ ದೊಡ್ಡವರ ಕ್ಷಮೆ ಬಹಳ ಮುಜುಗರ.

ಈಗ ಸಂಘದ ಕಪಾಟಿನಲ್ಲಿ ಒಂದು ಸ್ಟೀಲ್ ಡಬ್ಬಿ ಇಟ್ಟಿದ್ದೇನೆ, ಮೇಲೆ ಏನೂ ಬರೆದಿಲ್ಲ, ಒಳಗೆ ಪ್ಯಾಡುಗಳು. ಇದಕ್ಕೂ ಸಮಿತಿಯ ಸಭೆಯಲ್ಲಿ ಇಪ್ಪತ್ತು ನಿಮಿಷ ಚರ್ಚೆ ನಡೆಯಿತು. ಕಪಾಟಿನ ಮೇಲೆ ತಾಯಿ ಭುವನೇಶ್ವರಿಯ ಪಟವಿದೆ, ಡಬ್ಬಿ ಬೇರೆಡೆ ಇಟ್ಟರೆ ಚೆನ್ನ ಎಂದು ಹಿರಿಯರೊಬ್ಬರು ಹೇಳಿದರು. ತಾಯಿ ಎಂದು ನೀವೇ ಕರೆಯುತ್ತೀರಲ್ಲ ಎಂದೆ. ಡಬ್ಬಿ ಅಲ್ಲೇ ಉಳಿಯಿತು, ಪಟ ಎದುರಿನ ಗೋಡೆಗೆ ಹೋಯಿತು. ಪ್ರತಿ ಭಾನುವಾರ ಬಾಗಿಲು ಹಾಕುವ ಮೊದಲು ಎಣಿಸುತ್ತೇನೆ. ಒಂದೋ ಎರಡೋ ಕಡಿಮೆ ಇರುತ್ತದೆ, ಯಾರು ತೆಗೆದುಕೊಂಡರೆಂದು ನಾನು ನೋಡುವುದಿಲ್ಲ. ಕಳೆದ ವಾರ 18 ಇಟ್ಟಿದ್ದೆ. ಎಣಿಸಿದರೆ 19. ಹೆಚ್ಚಿನದ್ದು ಬೇರೆ ಬ್ರಾಂಡಿನದು.